ಜೋಗುಳ ಪಟ್ಟಿ

ಹುಬ್ಬಳ್ಳಿಯ ನೀರಿನ ನಿಯಂತ್ರಣ ಕೊಠಡಿಯಲ್ಲಿ ಆ ವರ್ಷ ಮೂರು ತೊಟ್ಟಿಲುಗಳಿದ್ದವು. ಊರಿನ ಕೊಳವೆಗಳನ್ನೆಲ್ಲ ಹಸಿರು, ಹಳದಿ, ಕೆಂಪು ಗೆರೆಗಳಲ್ಲಿ ತೋರಿಸುವ ಗೋಡೆಯಗಲದ ಪರದೆ, ಅದರೆದುರು ಮೇಜುಗಳ ಸಾಲು, ಮೂರು ಮೇಜುಗಳ ಪಕ್ಕದಲ್ಲಿ ಒಂದೊಂದು ತೊಟ್ಟಿಲು. ಕೂಸುಗಳು ಎಚ್ಚರವಿದ್ದಾಗ ಪಿಳಿಪಿಳಿ ಕಣ್ಣು ಬಿಡುತ್ತಿದ್ದವು, ನಿದ್ದೆ ಬಂದಾಗ ಮಲಗುತ್ತಿದ್ದವು. ಯಾವುದೂ ಅಳುತ್ತಿರಲಿಲ್ಲ. ಹೊಸಬರು ಯಾರಾದರೂ ಒಳಗೆ ಬಂದರೆ ಅಲ್ಲಿ ಕೂಸುಗಳಿವೆ ಎಂಬುದೇ ಅವರಿಗೆ ಬಹಳ ಹೊತ್ತು ತಿಳಿಯುತ್ತಿರಲಿಲ್ಲ.

ನಡುವಿನ ತೊಟ್ಟಿಲಲ್ಲಿದ್ದವನು ಕಸ್ತೂರಿ ಹಡಪದಳ ಮಗ ಪ್ರೀತಮ್. ಏಳು ತಿಂಗಳ ಕೂಸು. ತೊಡೆಯಲ್ಲಿ ಮಡಿಕೆ ಬಿದ್ದು ಗುಂಡಗುಂಡಗೆ ಬೆಳೆದಿದ್ದ. ಉಳಿದೆರಡು ಕೂಸುಗಳಂತೆ ಅವನ ಹೊಟ್ಟೆಯ ಸುತ್ತಲೂ ತಿಳಿನೀಲಿ ಬಣ್ಣದ ಒಂದು ಮೆತ್ತನೆಯ ಪಟ್ಟಿ ಇತ್ತು. ಅದರ ಹೆಸರು ಜೋಗುಳ.

ಜೋಗುಳ ಪಟ್ಟಿ ಮಾರುಕಟ್ಟೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಕೂಸು ಅಳುವ ಮೊದಲು ಅದರ ಮೈಯೊಳಗೆ ಒಂದಿಷ್ಟು ಸಿದ್ಧತೆ ನಡೆಯುತ್ತದೆ. ಹೊಟ್ಟೆಯ ಸಂಕಟ ನರದ ಗುಂಟ ಮಿದುಳಿಗೆ ಏರುತ್ತದೆ, ಮಿದುಳು ಎದೆಗೂ ಗಂಟಲಿಗೂ ಅಪ್ಪಣೆ ಕೊಡುತ್ತದೆ, ಕೂಸು ಉಸಿರೆಳೆದು ಬಾಯಿ ತೆರೆಯುತ್ತದೆ. ಪಟ್ಟಿಯೊಳಗಿನ ತೆಳುವಾದ ಬಿಲ್ಲೆಗಳು ಆ ಸಂಕಟವನ್ನು ದಾರಿಯಲ್ಲೇ ಹಿಡಿದು, ಅದಕ್ಕೆ ಎದುರಾದ ಒಂದು ಸಣ್ಣ ಮಿಡಿತವನ್ನು ಅದೇ ನರದೊಳಕ್ಕೆ ಬಿಡುತ್ತಿದ್ದವು. ಮಿದುಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಔಷಧವಿಲ್ಲ, ಮಂಪರಿಲ್ಲ. ಕೂಸಿಗೆ ಏನು ಬೇಕೆಂಬುದನ್ನು ಪಟ್ಟಿಯೇ ಲೆಕ್ಕ ಹಾಕಿ ತಾಯಿಯ ಫೋನಿಗೆ ಒಂದು ಶಬ್ದದಲ್ಲಿ ತಿಳಿಸುತ್ತಿತ್ತು: ಹಾಲು, ಬಟ್ಟೆ, ನಿದ್ದೆ, ಗಾಳಿ. ಕೂಸಿನ ಲೋಕದಲ್ಲಿ ಇರಬಹುದಾದ ತೊಂದರೆಗಳು ಈ ನಾಲ್ಕೇ ಎಂದು ಪಟ್ಟಿ ನಂಬಿತ್ತು.

ಜಗತ್ತು ಅದಕ್ಕೆ ಬೇಗ ಒಗ್ಗಿಕೊಂಡಿತು. ಮೊದಲು ಸಿನಿಮಾ ಮಂದಿರಗಳು, ಆಮೇಲೆ ಬಸ್ಸುಗಳು, ಆಮೇಲೆ ಮದುವೆಯ ಕಲ್ಯಾಣ ಮಂಟಪಗಳೂ ಪಟ್ಟಿ ಕಟ್ಟದ ಕೂಸಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದವು. ಕೂಸನ್ನು ಕೆಲಸಕ್ಕೇ ಕರೆದುಕೊಂಡು ಹೋಗಬಹುದು ಎಂದಾದಾಗ ಹೆಂಗಸರು ಹಿಗ್ಗಿದರು. ಹಾಗಿದ್ದ ಮೇಲೆ ಆರು ತಿಂಗಳ ಬಾಣಂತಿ ರಜೆ ಏಕೆ ಎಂದು ಕಂಪನಿಗಳು ಕೇಳಿದವು. ರಜೆ ಎರಡು ತಿಂಗಳಿಗೆ ಇಳಿಯಿತು.

ಕಸ್ತೂರಿ ಆ ಎರಡು ತಿಂಗಳು ಪಟ್ಟಿ ಕಟ್ಟಿರಲಿಲ್ಲ. ಪ್ರೀತಮ್ ಸಂಜೆಯಾದರೆ ಸಾಕು, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿದ್ದ. ಕೇಶ್ವಾಪುರದ ಆ ಬಾಡಿಗೆ ಮನೆಯ ಗೋಡೆ ತೆಳುವಾಗಿತ್ತು. ಪಕ್ಕದವರು ಗೋಡೆ ಗುದ್ದುತ್ತಿದ್ದರು. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವಳ ಗಂಡ ಈರಣ್ಣ ಸೌಮ್ಯ ಮನುಷ್ಯ. ಆದರೂ ಒಂದು ಸಂಜೆ ಕೂಸನ್ನು ಹಾಸಿಗೆಯ ಮೇಲೆ ಎಸೆದಂತೆ ಇಟ್ಟು, ತಾನೇ ಬೆಚ್ಚಿ, ಅಂಗಳಕ್ಕೆ ಹೋಗಿ ನಿಂತುಬಿಟ್ಟಿದ್ದ. ಪಟ್ಟಿ ಕಟ್ಟಿದ ದಿನ ಮನೆ ಗಪ್‌ಚಿಪ್ಪಾಯಿತು. ಈರಣ್ಣ ಊಟ ಮಾಡುತ್ತಾ ಮಾಡುತ್ತಾ ಸುಮ್ಮನೆ ನಕ್ಕ. ಕಸ್ತೂರಿ ಮಾತ್ರ ಆ ವಾರವೆಲ್ಲ ಮತ್ತೆ ಮತ್ತೆ ಎದ್ದು ಹೋಗಿ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಆಮೇಲೆ ರೂಢಿಯಾಯಿತು.

*

ಅದು ಸುರುವಾದದ್ದು ಒಂದು ಆದಿತ್ಯವಾರ. ಹಿಂದಿನ ವಾರ ಪ್ರೀತಮ್‌ಗೆ ನೆಗಡಿ ಆಗಿ ವಾಸಿಯಾಗಿತ್ತು. ಮಧ್ಯಾಹ್ನ ಹಾಲು ಕುಡಿಯುತ್ತಿದ್ದವನು ತಟ್ಟನೆ ಮೊಲೆ ಬಿಟ್ಟು, ಎರಡೂ ಮೊಣಕಾಲನ್ನು ಹೊಟ್ಟೆಯತ್ತ ಎಳೆದುಕೊಂಡ. ಮುಖ ಬಿಳಿಚಿತು. ತುಟಿ ಅದುರಿತು. ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ಸಡಿಲಾದವು, ಮೊದಲಿನಂತೆ ಅವ್ವನ ಮುಖ ನೋಡಿದ.

ಫೋನು ಮಿನುಗಿತು: ಗಾಳಿ.

"ಏನಂತೈತಿ?" ಎಂದು ಈರಣ್ಣ ಕೇಳಿದ.

"ಹೊಟ್ಟ್ಯಾಗ ಗಾಳಿ ತುಂಬೈತಂತ."

"ಬೆನ್ನು ತಟ್ಟು, ಹೋಗತೈತಿ."

ಅವಳು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ತೇಗು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕಾಲು ಮಡಚಿದ, ಮತ್ತೆ ಬಿಟ್ಟ. ಸಂಜೆಯವರೆಗೂ ಹೀಗೇ ನಡೆಯಿತು. ಒಮ್ಮೆ ಕುಡಿದ ಹಾಲೆಲ್ಲ ಕಕ್ಕಿದ. ಗಾಳಿಗೆ ಬಿಸಿನೀರಿನ ಬಟ್ಟೆ ಒಳ್ಳೆಯದೆಂದು ಫೋನು ಹೇಳಿತು; ಕಸ್ತೂರಿ ಬಟ್ಟೆ ಕಾಸಿ ಇಟ್ಟಳು. ಬಿಟ್ಟು ಬಿಟ್ಟು ಬರುವ ಆ ನೋವನ್ನು ಹೊರಗೆ ಕೇಳಿಸದಂತೆ ಮಾಡಲು ಪಟ್ಟಿ ತನ್ನ ಮಿಡಿತವನ್ನು ಪ್ರತಿ ಸಲವೂ ಒಂದಿಷ್ಟು ಏರಿಸಿಕೊಳ್ಳುತ್ತಿತ್ತು. ಅದನ್ನು ಹಾಗೆಯೇ ಮಾಡಿದ್ದರು: ಸಂಕಟ ಹೆಚ್ಚಿದಷ್ಟೂ ಸಮಾಧಾನವೂ ಹೆಚ್ಚಬೇಕು ಎಂದು.

ಸೋಮವಾರ ಮುಂಜಾನೆ ಅವನು ಹಾಲು ಮುಟ್ಟಲಿಲ್ಲ. ಜ್ವರವಿರಲಿಲ್ಲ. ಕಸ್ತೂರಿ ಅನುಮಾನಿಸುತ್ತಲೇ ಅವನನ್ನು ಎತ್ತಿಕೊಂಡು ಕೆಲಸಕ್ಕೆ ಹೋದಳು. ಸಂಜೆ ಬರುವಾಗ ದವಾಖಾನೆಗೆ ಹೋದರಾಯಿತೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಆ ದಿನ ಪರದೆಯ ಮೇಲೆ ದೊಡ್ಡ ಕೊಳವೆಯೊಂದರ ಗೆರೆ ಹಸಿರಿನಿಂದ ಕೆಂಪಿಗೆ ತಿರುಗಿತು. ಎಲ್ಲೋ ನೆಲದಡಿ ಕೊಳವೆ ಒಡೆದಿತ್ತು. ಅರ್ಧ ಊರಿನ ನೀರು ನಿಂತಿತು. ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳತೊಡಗಿದವು. ಯಾವ ಕವಾಟ ಮುಚ್ಚಬೇಕು, ಯಾವ ಕಡೆಯಿಂದ ನೀರು ತಿರುಗಿಸಬೇಕು ಎಂಬುದು ಕಸ್ತೂರಿಯ ಕೆಲಸ. ಮೈಲಿಗಟ್ಟಲೆ ದೂರದ ಕೊಳವೆಯಲ್ಲಿ ಒತ್ತಡ ಕೂದಲೆಳೆಯಷ್ಟು ಇಳಿದರೂ ಅವಳ ಮೇಜಿನ ಮೇಲೆ ಗಂಟೆ ಬಾರಿಸುತ್ತಿತ್ತು. ಕೈಗೆಟಕುವ ತೊಟ್ಟಿಲಲ್ಲಿ ಅವಳ ಮಗ ಕಾಲು ಮಡಚುತ್ತಿದ್ದ, ಬಿಡುತ್ತಿದ್ದ. ಅಲ್ಲಿ ಯಾವ ಗಂಟೆಯೂ ಇರಲಿಲ್ಲ.

ಹನ್ನೆರಡರ ಸುಮಾರಿಗೆ ಅವನು ವಾಂತಿ ಮಾಡಿದ. ಅದು ಹಸಿರಾಗಿತ್ತು. ಕಸ್ತೂರಿ ಬಾಯಿ ಒರೆಸಿ, ಜೋಗುಳದ ಸಹಾಯವಾಣಿಗೆ ಫೋನು ಮಾಡಿದಳು. ಮೊದಲು ಯಂತ್ರದ ದನಿ: "ನಿಮ್ಮ ಮಗು ನೆಮ್ಮದಿಯಿಂದಿದೆ." ಹಟ ಹಿಡಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು, ದನಿಯಲ್ಲಿ ಬೆಂಗಳೂರಿನ ಕಡೆಯವಳು ಅನಿಸಿತು.

"ಮೇಡಂ, ನಿಮ್ಮ ಪಟ್ಟಿ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ. ನಿನ್ನೆಯಿಂದ ಒಂದು ಸಲಾನೂ ಅಳೋಕೆ ಬಿಟ್ಟಿಲ್ಲ."

"ಅದಲ್ರೀ, ಹಸಿರ ವಾಂತಿ ಮಾಡ್ಯಾನ. ಹಾಲು ಒಲ್ಲಂತಾನ. ಪಟ್ಟಿ ಒಂದೀಟು ಬಿಚ್ಚಿ ನೋಡ್ಲೇನು?"

"ಬೇಡಿ ಮೇಡಂ. ಮಿಡಿತ ಇಷ್ಟು ಏರಿದಾಗ ಒಮ್ಮೆಲೇ ಬಿಚ್ಚಿದ್ರೆ ಮಗು ತುಂಬಾ ಗಾಬರಿ ಆಗುತ್ತೆ. ಮತ್ತೆ ನೀವೀಗ ಕೆಲಸದ ಜಾಗದಲ್ಲಿ ಇದೀರ ಅಲ್ವಾ? ಅಲ್ಲಿ ಬಿಚ್ಚೋ ಹಾಗಿಲ್ಲ."

ಕೊಠಡಿಯ ಮುಖ್ಯಸ್ಥ ಹಂಚಿನಮನಿ ಇತ್ತ ಬಂದು ತೊಟ್ಟಿಲಲ್ಲಿ ಇಣುಕಿದರು. ಪ್ರೀತಮ್ ಕಣ್ಣು ಅರ್ಧ ಮುಚ್ಚಿ ಬಿದ್ದಿದ್ದ.

"ಎಷ್ಟು ಶಾಣ್ಯಾ ಅದಾನ್ರೀ ನಿಮ್ಮ ಹುಡುಗ! ಇಷ್ಟ ಗದ್ದಲದಾಗೂ ಹೆಂಗ ಮಲಗ್ಯಾನ ನೋಡ್ರಿ."

"ಸರ, ಅಂವಗ ಆರಾಮಿಲ್ಲ ಅನಸತೈತಿ. ನಾ ದವಾಖಾನಿಗೆ ಹೋಗಿ ಬರ್ತೀನ್ರಿ."

ಹಂಚಿನಮನಿ ಅವಳ ಫೋನನ್ನು ನೋಡಿದರು. ನೋವಿನ ಅಲೆ ಇಳಿದ ಹೊತ್ತು ಅದು, ಕೂಸು ನೆಮ್ಮದಿಯಿಂದಿದೆ ಎಂದು ತೋರಿಸುವ ಪಟ್ಟಿಯ ದೀಪ ಅದರಲ್ಲಿ ಹಸಿರಾಗಿತ್ತು. "ಹಸಿರ ಐತೆಲ್ಲವಾ. ಕೊಳವಿ ದುರಸ್ತಿ ಆಗೂಮಟಾ ತಡೀರಿ. ನೀವು ಎದ್ದ್ರ ಈ ಮೇಜಿನ ಕೆಲಸ ಯಾರಿಗೂ ತಿಳಿಯಂಗಿಲ್ಲ. ದವಾಖಾನ್ಯಾಗೂ ನೀರು ನಿಂತೈತಿ ಈಗ."

ಅವಳು ನಿಂತಳು. ತೊಟ್ಟಿಲು ನೋಡಿದಳು, ಪರದೆ ನೋಡಿದಳು. ಕೂಸು ಅಳುತ್ತಿದ್ದರೆ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅಳುವ ಕೂಸನ್ನು ಮುಂದಿಟ್ಟುಕೊಂಡು ತಡೆಯಿರಿ ಎನ್ನಲು ಹಂಚಿನಮನಿಗೂ ಬಾಯಿ ಬರುತ್ತಿರಲಿಲ್ಲ. ಅವಳು ಮತ್ತೆ ಕುರ್ಚಿಯಲ್ಲಿ ಕೂತು ಕವಾಟಗಳತ್ತ ತಿರುಗಿದಳು.

ಕೊಳವೆ ದುರಸ್ತಿಯಾಗಿ ಗೆರೆ ಹಸಿರಾಗುವ ಹೊತ್ತಿಗೆ ಕಿಟಕಿಯಲ್ಲಿ ಬಿಸಿಲು ಇಳಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಸ್ತೂರಿ ಪ್ರೀತಮ್‌ನನ್ನು ಎತ್ತಿಕೊಂಡಳು. ಅವನ ಕುತ್ತಿಗೆ ತೋಳಿನ ಮೇಲೆ ಜೋತುಬಿತ್ತು. ತೊಡೆಯ ಬಟ್ಟೆ ಬಿಚ್ಚಿದರೆ ಒಳಗೆ ಮಲವಿರಲಿಲ್ಲ. ಲೋಳೆ ಬೆರೆತ ರಕ್ತ, ಕೆಂಪು ಜೆಲ್ಲಿಯಂತೆ ಹೆಪ್ಪುಗಟ್ಟಿ ಕೂತಿತ್ತು. ಫೋನು ಮಿನುಗಿತು: ಬಟ್ಟೆ.

*

ಮಕ್ಕಳ ಸರ್ಜನ್ ಡಾಕ್ಟರ್ ಶಿರಗುಪ್ಪಿ ವಯಸ್ಸಾದವರು. ತಪಾಸಣೆಯ ಮೇಜಿನ ಮೇಲೆ ಕೂಸನ್ನು ಮಲಗಿಸಿಕೊಂಡು, ಹೊಟ್ಟೆಗೆ ಕೈ ಹಚ್ಚುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾವಾಗಿಂದ ಅಳಾಕ ಹತ್ತ್ಯಾನವಾ?"

"ಅತ್ತಿಲ್ರೀ."

"ಅತ್ತಿಲ್ಲಂದ್ರ? ಬಿಟ್ಟ ಬಿಟ್ಟ ಚೀರಿರಬೇಕಲ್ಲ?"

ಕಸ್ತೂರಿ ಅಂಗಿ ಮೇಲೆತ್ತಿ ಪಟ್ಟಿ ತೋರಿಸಿದಳು. ಡಾಕ್ಟರು ಅದನ್ನು ನೋಡಿ ಕತ್ತರಿ ಕೈಗೆತ್ತಿಕೊಂಡರು. "ಇದು ಇರೂಮಟಾ ಎಲ್ಲಿ ನೋವೈತಿ ಅಂತ ನನಗ ತಿಳಿಯೂದಿಲ್ಲ. ಕತ್ತರಸ್ತೀನಿ. ಜೋರ ಅಳತಾನ, ಗಾಬರಿ ಆಗಬ್ಯಾಡ್ರಿ."

ಅಷ್ಟರಲ್ಲಿ ಡಿಪೋದಿಂದ ಓಡಿ ಬಂದ ಈರಣ್ಣ ಬಾಗಿಲಲ್ಲಿ ನಿಂತಿದ್ದ. ಪಟ್ಟಿ ಕತ್ತರಿಸಿ ತೆಗೆದರು. ಎಲ್ಲರೂ ಕಾದರು. ಪ್ರೀತಮ್ ಬಾಯಿ ತೆರೆದ. ಬಾಯಿಂದ ಬಂದದ್ದು ಬೆಕ್ಕಿನ ಮರಿ ನರಳಿದಂಥ ಒಂದು ಎಳೆ, ಅಷ್ಟೇ. ಅಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಅಳೋ ಯಪ್ಪಾ," ಎಂದ ಈರಣ್ಣ. ಬಂದು ಮೇಜಿನ ಅಂಚು ಹಿಡಿದುಕೊಂಡ. "ಅಳೋ ನನ್ನಪ್ಪಾ, ಯಾರೂ ಏನೂ ಅನ್ನೂದಿಲ್ಲ. ಜೋರ ಅಳು. ಒಮ್ಮೆ ಅಳೋ."

ಡಾಕ್ಟರ ಬೆರಳಿಗೆ ಹೊಟ್ಟೆಯ ಬಲಗಡೆ, ಪಕ್ಕೆಯ ಕೆಳಗೆ, ಉದ್ದನೆಯ ಮೆದು ಗಡ್ಡೆಯೊಂದು ಸಿಕ್ಕಿತು. ಸ್ಕ್ಯಾನಿನ ಪರದೆಯಲ್ಲಿ ಬಳೆಯೊಳಗೆ ಬಳೆ ಕಂಡಿತು. ಶಸ್ತ್ರಕ್ರಿಯೆಗೆ ಅಣಿ ಮಾಡುವಂತೆ ನರ್ಸಿಗೆ ಹೇಳಿ, ಅವರು ಗಂಡ ಹೆಂಡತಿಯ ಕಡೆ ತಿರುಗಿದರು. ತಮ್ಮ ಬಿಳಿ ಕೋಟಿನ ತೋಳನ್ನು ಮುಂಗೈಯಿಂದ ಹಿಂದಕ್ಕೆ, ಅದರೊಳಕ್ಕೇ ತುರುಕಿ ತೋರಿಸಿದರು.

"ನೋಡ್ರಿ. ಈ ತೋಳು ಹೆಂಗ ತನ್ನೊಳಗ ತಾನ ಹೊಕ್ಕೈತಿ, ಹಂಗ ಸಣ್ಣ ಕರುಳು ದೊಡ್ಡ ಕರುಳಿನೊಳಗ ಜಾರೇತಿ. ಒಳಗ ಸಿಕ್ಕಿದ್ದು ಮುಂದ ಮುಂದ ಹೊಂಟೈತಿ. ಅದಕ್ಕ ರಕ್ತ ಹರಿಯೂದು ನಿಂತ್ರ ಕರುಳು ಸಾಯತೈತಿ. ಈ ವಯಸ್ಸಿನ ಕೂಸುಗೋಳಿಗೆ ಆಗೂದ ಇದು. ನೀವು ಏನೂ ತಪ್ಪು ತಿನಸಿಲ್ಲ."

"ಇದಕ್ಕ ಔಷಧ ಇಲ್ಲೇನ್ರಿ?" ಎಂದಳು ಕಸ್ತೂರಿ.

"ಮೊದಲನೇ ದಿನ ಬಂದ್ರ ಔಷಧಾನೂ ಬ್ಯಾಡ. ಹಿಂದಿಂದ ಗಾಳಿ ತುಂಬಿ ಒತ್ತತೀವಿ, ಕರುಳು ತಾನ ಹೊರಗ ಜಾರತೈತಿ. ಮರುದಿನ ಮುಂಜಾನೆ ಹಾಲು ಕುಡೀತಾವ. ಈ ಬ್ಯಾನಿ ಬಂದ ಕೂಸು ಊರ ಎಬ್ಬಸೂವಂಗ ಚೀರತೈತಿ. ಆ ಚೀರಾಟ ಕೇಳಿ ಎಂಥಾವರೂ ಎತ್ತಿಕೊಂಡ ಓಡಿ ಬರ್ತಾರ. ಅದಕ್ಕ ಉಳೀತಾವ." ತುರುಕಿದ್ದ ತೋಳನ್ನು ಎಳೆದು ಸರಿಮಾಡಿಕೊಂಡು ಒಳಗೆ ಹೋದರು.

ಹೊಟ್ಟೆ ತೆರೆದಾಗ ಒಳಗಿನ ಕರುಳು ಗೇಣುದ್ದಕ್ಕೂ ಹೆಚ್ಚು ಕಪ್ಪಾಗಿ, ಒಂದು ಕಡೆ ಒಡೆದು, ಕೀವು ಎಲ್ಲೆಡೆ ಹರಡಿತ್ತು. ಸತ್ತದ್ದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೂಡಿಸಿ ಹೊಲಿದರು. ನಂಜು ಆಗಲೇ ರಕ್ತಕ್ಕೆ ಏರಿತ್ತು. ಮರುದಿನ ಮಧ್ಯಾಹ್ನ ಪ್ರೀತಮ್ ತೀರಿಕೊಂಡ. ಗಾಜಿನ ಆಚೆ ಕೊಳವೆಗಳ ನಡುವೆ ಅವನು ಎಂದಿನಂತೆ ಸುಮ್ಮನೆ ಮಲಗಿದ್ದ. ಅವನು ಹೋದದ್ದು ಯಾವಾಗ ಎಂಬುದು ಕಸ್ತೂರಿಗೆ ನರ್ಸ್ ಬಂದು ಹೇಳಿದ ಮೇಲೆ ತಿಳಿಯಿತು.

*

ಮಣ್ಣು ಮಾಡಿ ಬಂದ ಮೇಲೆ ಹೆಚ್ಚು ದಿನ ಆಗಿರಲಿಲ್ಲ. ಜೋಗುಳ ಕಂಪನಿಯ ಅಧಿಕಾರಿಯೊಬ್ಬ ಸೇಬು, ಮೂಸಂಬಿಯ ಚೀಲ ಹಿಡಿದುಕೊಂಡು ಮನೆಗೆ ಬಂದ. ನಯವಾದ ಮನುಷ್ಯ. ಚಾಪೆಯ ಮೇಲೆ ಕಾಲು ಮಡಚಿ ಕೂತು ವಿಷಯಕ್ಕೆ ಬಂದ. ಪಟ್ಟಿಯಲ್ಲಿ ದೋಷ ಸಿಕ್ಕಿಲ್ಲ. ಅದು ಏನು ಮಾಡಬೇಕಿತ್ತೋ ಅದನ್ನು ಕೊನೆಯವರೆಗೂ ಮಾಡಿದೆ. ಆದರೆ ಇಂಥ ಬೇನೆಯ ಪೂರ್ತಿ ದಾಖಲೆ, ಮೊದಲ ಅಲೆಯಿಂದ ಕೊನೆಯವರೆಗಿನದು, ಕಂಪನಿಯ ಬಳಿ ಹಿಂದೆಂದೂ ಇರಲಿಲ್ಲ. ಕೂಸಿನ ಮೈಯ ಮಾಹಿತಿ ಕಾನೂನಿನ ಪ್ರಕಾರ ತಾಯಿ ತಂದೆಯದು. ಅವರಲ್ಲಿ ಒಬ್ಬರು ಒಪ್ಪಿ ಕೊಟ್ಟರೂ ಅದನ್ನು ಹೊಸ ಪಟ್ಟಿಗಳಿಗೆ ಕಲಿಸಬಹುದು. ಆಗ ಪಟ್ಟಿಗೆ ಐದನೆಯ ಶಬ್ದ ಬರುತ್ತದೆ: ದವಾಖಾನೆ.

"ಕೊಡಬ್ಯಾಡ," ಎಂದ ಈರಣ್ಣ ಒಳಗಿನಿಂದಲೇ.

"ಕೊಟ್ಟ್ರ ಇನ್ನೊಂದ ಕೂಸು ಉಳೀತೈತಿ ಅಂತಾರ," ಎಂದಳು ಕಸ್ತೂರಿ.

ಈರಣ್ಣ ಹೊರಬಂದು ನಿಂತ. ಗಡ್ಡ ಬೆಳೆದಿತ್ತು. "ಇನ್ನೊಬ್ಬರ ಕೂಸು ಉಳಿದ್ರ ಅದನ್ನ ತಗೊಂಡ ನಾ ಏನ್ ಮಾಡ್ಲಿ, ಕಸ್ತೂರಿ? ಇವರಿಗೆ ಮಾರಾಕ ಹೊಸಾದೊಂದು ಬೇಕಾಗೇತಿ. ಅದಕ್ಕ ನನ್ನ ಮಗಾನ ಹೆಣಾ ಕೇಳಾಕ ಬಂದಾರ."

ಕಸ್ತೂರಿ ಹಣ್ಣಿನ ಚೀಲವನ್ನು ಅಧಿಕಾರಿಯತ್ತ ಸರಿಸಿದಳು. "ದಾಖಲಿ ಅಂದ್ರ ಅದ್ರಾಗ ಏನೈತ್ರಿ?"

"ಎಲ್ಲಾ ಇರುತ್ತೆ ಮೇಡಂ. ನರದಲ್ಲಿ ಬಂದ ಪ್ರತಿ ಸಂಕಟ. ಎದೆ ಎಷ್ಟು ಉಸಿರು ಎಳೆಯೋಕೆ ಹೊರಟಿತ್ತು, ಗಂಟಲು ಎಷ್ಟು ಬಿಗಿಯೋಕೆ ಹೊರಟಿತ್ತು, ಎಷ್ಟು ಹೊತ್ತು. ತಡೆದ ಪ್ರತಿ ಅಳುವೂ ಇರುತ್ತೆ."

"ಅಳು ಐತಿ?"

"ಐತಿ ಅಂದ್ರೆ... ಅದು ಅಂಕಿ ರೂಪದಲ್ಲಿ..."

"ಕೇಳಸಾಕ ಬರತೈತೇನು?"

ಲ್ಯಾಬಿನಲ್ಲಿ ಡಾಕ್ಟರ್ ಬೆಣ್ಣೂರ ಅವರು ಅಂಥ ಪ್ರಯೋಗ ಮಾಡುತ್ತಾರೆ, ಆದರೆ ತಾಯಂದಿರಿಗೆ ಅದು ತಕ್ಕದ್ದಲ್ಲ ಎಂದ ಅಧಿಕಾರಿ.

"ನನಗ ಕೇಳಸ್ರಿ. ಕೇಳಿಸಿದ್ರ ಕೊಡ್ತೀನಿ."

ಅವನು ಹೋದ ಮೇಲೆ ಈರಣ್ಣ ಗೋಡೆಗೆ ಒರಗಿ ಕೂತ. "ನಾ ಬರಂಗಿಲ್ಲ," ಎಂದ. "ಅಂವಾ ಸಣ್ಣಾಂವ ಇದ್ದಾಗ ಅತ್ತದ್ದ ನನಗ ತಡ್ಯಾಕ ಆಗಲಿಲ್ಲ. ಇದನ್ನ ಹೆಂಗ ಕೇಳ್ಲಿ?"

"ನೀವು ಬರಬ್ಯಾಡ್ರಿ," ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

*

ಲ್ಯಾಬು ಧಾರವಾಡದ ರಸ್ತೆಯಲ್ಲಿತ್ತು. ಡಾಕ್ಟರ್ ಉಜ್ವಲಾ ಬೆಣ್ಣೂರ ಅವರೇ ಜೋಗುಳದ ಮೂಲ ಕಲ್ಪನೆ ಮಾಡಿದವರು. ನರಗಳ ವಿಜ್ಞಾನಿ, ಐವತ್ತರ ಹೆಂಗಸು. ಕಸ್ತೂರಿ ಅವರನ್ನು ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಎದುರು ಕಂಡಾಗ ಆ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

ಅಧಿಕಾರಿ ಒಪ್ಪಿಗೆಯ ಪರದೆಯನ್ನು ಮುಂದಿಟ್ಟ. ಕಸ್ತೂರಿ ಹೆಬ್ಬೆರಳು ಒತ್ತಿದಳು. ಅವನು ಕೈ ಮುಗಿದು, ಮುಂದಿನದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಬೇಗ ಹೊರಟುಹೋದ.

"ಹೊಸ ಪಟ್ಟಿ ಬಂದ ಮ್ಯಾಲೆ ಏನಾಗತೈತ್ರಿ?" ಎಂದು ಕೇಳಿದಳು.

"ಇಂಥಾ ಅಲಿ ಬಂದ ಕೂಡ್ಲೆ ಅದು ಗುರುತು ಹಿಡೀತದ. ಫೋನಿನ್ಯಾಗ ಗಂಟಿ ಹೊಡೀತದ. ಇನ್ನ ಮುಂದ ಯಾವ ತಾಯಿಗೂ ಹಿಂಗ ಆಗೂದಿಲ್ಲ, ಕಸ್ತೂರಿ. ಈ ಬ್ಯಾನಿ ಮಟ್ಟಿಗೆ ಮಾತ್ರ ಹೇಳ್ತೀನಿ."

"ಮತ್ತ ಅಳೂದು?"

ಡಾಕ್ಟರು ಅವಳನ್ನು ನೋಡಲಿಲ್ಲ. "ಅಳೂದಿಲ್ಲ. ಗಂಟಿ ಅಷ್ಟ. ಅಳ್ಲಿಕ್ಕ ಬಿಡೋ ಪಟ್ಟಿನ ಯಾರು ತಗೋತಾರ?"

"ಬ್ಯಾರೆ ಬ್ಯಾನಿ ಬಂದ್ರ?"

"ಅದನ್ನೂ ಕಲಸಬೇಕಾಗ್ತದ."

ಹೇಗೆ ಕಲಿಸುತ್ತೀರಿ ಎಂದು ಕಸ್ತೂರಿ ಕೇಳಲಿಲ್ಲ. ಅದು ಅವಳಿಗೆ ಈಗ ಗೊತ್ತಿತ್ತು.

ಗೋಡೆಗಳಿಗೆಲ್ಲ ಮೆತ್ತೆ ಹಚ್ಚಿದ ಸಣ್ಣ ಕೋಣೆಯೊಂದರಲ್ಲಿ ಎರಡು ಕುರ್ಚಿಗಳಿದ್ದವು. ಡಾಕ್ಟರು ಬಾಗಿಲು ಹಾಕಿ ಎಚ್ಚರಿಸಿದರು. ಕೇಳಿಸುವುದು ನಿಜವಾದ ದನಿಯಲ್ಲ. ಉಸಿರು, ಗಂಟಲು, ನಾಲಿಗೆ ಏನು ಮಾಡಲು ಹೊರಟಿದ್ದವೋ ಅದರಿಂದ ಕಂಪ್ಯೂಟರು ಕಟ್ಟಿದ ದನಿ. ಆದರೂ ಬಹುಮಟ್ಟಿಗೆ ಅವನದೇ. ಬೇಕಾದರೆ ದನಿ ಸಣ್ಣದು ಮಾಡುತ್ತೇನೆ, ಬೇಡವೆನಿಸಿದರೆ ಕೈ ಎತ್ತಿರಿ ಎಂದರು.

"ಅಂವಾ ಎಷ್ಟು ಜೋರ ಅಳತಿದ್ದನೋ ಅಷ್ಟ ಇಡ್ರಿ. ನೀವು ಹೊರಗ ಹೋಗಬ್ಯಾಡ್ರಿ."

ಡಾಕ್ಟರು ಕೂತರು. ಗುಂಡಿ ಒತ್ತಿದರು.

ಮೊದಲು ಒಂದು ಸಣ್ಣ ಸದ್ದು, ತೊದಲಿದಂತೆ. ಆಮೇಲೆ ಅಳು ಬಂತು. ಎರಡು ತಿಂಗಳಿದ್ದಾಗ ಕೇಳಿದ ಅಳುವಲ್ಲ ಅದು. ಇದು ಏಳು ತಿಂಗಳ ಹುಡುಗನ ದನಿ, ಬೆಳೆದ ದನಿ. ಅವಳು ಈ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಅದು ಏರಿ ಏರಿ ಒಡೆದು, ಉಸಿರು ಸಿಗದೆ ಒಂದು ಕ್ಷಣ ನಿಂತು, ಮತ್ತೆ ಏರಿತು. ಕೋಣೆಯ ಮೆತ್ತೆಗಳೆಲ್ಲ ಆ ಚೀರಾಟವನ್ನು ಹೀರಿಕೊಂಡರೂ ಮುಗಿಯಲಿಲ್ಲ. ಕೊನೆಗೆ ತಟ್ಟನೆ ನಿಂತಿತು. ನಿಂತ ಮೇಲೆ ಒಂದು ಬಿಕ್ಕು, ಅದಾದ ಮೇಲೆ "ಊಂ?" ಎಂಬಂಥ ಒಂದು ಎಳೆ ದನಿ, ಕೇಳುವಂತೆ.

"ಇದೇನ್ರಿ?"

"ಕೂಸುಗೋಳು ಅಳೂದನ್ನ ನಡುವ ನಿಲ್ಲಸ್ತಾವ. ಯಾರರ ಬರ್ಲಿಕ್ಹತ್ತಾರೇನು ಅಂತ ಕಿವಿಗೊಟ್ಟು ಕೇಳ್ತಾವ."

ಕಸ್ತೂರಿ ತಲೆಯಾಡಿಸಿದಳು. ನಡುವಿನ ನೆಮ್ಮದಿಯ ಹೊತ್ತನ್ನು ಬಿಟ್ಟು ಮುಂದಕ್ಕೆ ಓಡಿಸಲೇ ಎಂದು ಡಾಕ್ಟರು ಕೇಳಿದರು. ಬೇಡ ಎಂದಳು. ಇಬ್ಬರೂ ಸುಮ್ಮನೆ ಕೂತು ಕಾದರು. ಎರಡನೆಯ ಅಲೆ ಬಂತು, ಮೂರನೆಯದು ಬಂತು. ಪ್ರತಿ ಸಲವೂ ಕೊನೆಯಲ್ಲಿ ಆ ಸಣ್ಣ ದನಿ, ಆಮೇಲೆ ಕಾಯುವ ಮೌನ. ಆ ಮೌನದ ಹೊತ್ತಿನಲ್ಲೆಲ್ಲ ತಾನು ಅವನನ್ನು ತೊಡೆಯ ಮೇಲೆ ಹಾಕಿಕೊಂಡೇ ಕೂತಿದ್ದೆ, ಈರಣ್ಣ ಟಿವಿ ನೋಡುತ್ತಿದ್ದ, ಒಲೆಯ ಮೇಲೆ ಬಟ್ಟೆ ಕಾಸುವ ನೀರು ಇತ್ತು ಎಂಬುದನ್ನು ಅವಳು ಒಂದೊಂದಾಗಿ ನೆನೆದಳು.

ಮುಂದಿನ ಅಲೆ ಏರುತ್ತಿದ್ದಂತೆ ಅವಳ ಎದೆ ಬಿಗಿದು ಜುಮ್ಮೆಂದಿತು. ತೀರಿಕೊಂಡವನ ತಾಯಿಗೆ ಎದೆಹಾಲು ತಾನೇ ಬತ್ತುತ್ತದೆಂದು ಹೆಂಗಸರು ಹೇಳಿದ್ದರು, ಬತ್ತಿದೆ ಎಂದೇ ಅವಳೂ ತಿಳಿದಿದ್ದಳು. ಈಗ ರವಿಕೆಯ ಎರಡೂ ಕಡೆ ಬೆಚ್ಚಗೆ ಒದ್ದೆಯಾಗಿ, ಸೀರೆಯ ಸೆರಗಿಗೆ ಇಳಿದು, ತೊಡೆಯ ಮೇಲೆ ಹನಿಯತೊಡಗಿತು. ಅವಳು ಕೈ ಅಡ್ಡ ಹಿಡಿಯಲಿಲ್ಲ. ಕೂಸು ಹೆಗಲ ಮೇಲಿದ್ದಾಗ ಮಾಡುವಂತೆ ಮೈಯನ್ನು ಅತ್ತಿತ್ತ ತೂಗತೊಡಗಿದಳು.

ಡಾಕ್ಟರು ಎದ್ದು ಗುಂಡಿಯ ಮೇಲೆ ಕೈ ಇಟ್ಟರು. "ಸಾಕು, ಕಸ್ತೂರಿ. ನನ್ನ ಕೈಲೆ ಆಗವಲ್ದು. ಸಾಕು ಮಾಡೋಣ."

"ಕೈ ತಗೀರಿ," ಎಂದಳು ಕಸ್ತೂರಿ. "ಕೂಡ್ರಿ. ಇದಿನ್ನೂ ಆದಿತ್ಯವಾರ ಐತಿ. ಸೋಮವಾರ ಇಡೀ ಬಾಕಿ ಐತಿ."